ಹೈರಾಣ ಮಾಡಿದ್ದು ಓಡಾಟ

ಅತ್ತೆಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಬಂದವರೆಲ್ಲ ಕೇಳಿದ್ದು ದುಡ್ಡಿನ ಮಾತು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆಪರೇಷನ್ ಅದರಲ್ಲೇ ಆಯಿತು. ನಮ್ಮನ್ನು ಹೈರಾಣ ಮಾಡಿದ್ದು ಓಡಾಟ.

ಹರಿಹರದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಿದ್ದೆವು. ಪ್ರತಿ ಕೀಮೋಗೂ ಮುಂಚೆ ರಕ್ತ ಪರೀಕ್ಷೆ ಆಗಲೇಬೇಕು. ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಡಾಕ್ಟರು ಮದ್ದು ಹಾಕುವುದಿಲ್ಲ. ಹಾಕಿದರೆ ಸೋಂಕು ಜೀವಕ್ಕೇ ಬರಬಹುದು. ಹಾಗೆ ಮುಂದಕ್ಕೆ ಹೋದ ದಿನ ಅತ್ತೆ ಆಸ್ಪತ್ರೆ ಬೆಂಚಿನ ಮೇಲೆ ಸೆರಗು ಹೊದ್ದು ಮಲಗಿಬಿಟ್ಟರು. "ನನ್ನ ಊರಿಗೆ ಬಿಟ್ಟುಬಿಡವ್ವ, ಸಾಕು" ಅಂದರು. ಚಿಕಿತ್ಸೆ ಅರ್ಧಕ್ಕೆ ಬಿಡುವವರು ಯಾಕೆ ಬಿಡುತ್ತಾರೆ ಅಂತ ನನಗೆ ಅವತ್ತು ತಿಳಿಯಿತು.

ರೈಲಿನ ರಿಯಾಯಿತಿ ನಮಗೆ ತಡವಾಗಿ ಗೊತ್ತಾಯಿತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಶೇ. 75. ರೈಲ್ವೆಯ ನಮೂನೆಯಲ್ಲೇ ಡಾಕ್ಟರ ಸಹಿ, ಸೀಲು ಬೇಕು. ಮೊದಲ ಭೇಟಿಯಲ್ಲೇ ಕೇಳಿ ಮಾಡಿಸಿಟ್ಟುಕೊಳ್ಳಿ.

2025ರಲ್ಲಿ ರಾಜ್ಯದ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ಶುರುವಾದವು. ಯಾವ ಮದ್ದು, ಎಷ್ಟು ಅನ್ನುವುದನ್ನು ದೊಡ್ಡ ಆಸ್ಪತ್ರೆಯ ತಜ್ಞರು ಬರೆದುಕೊಡುತ್ತಾರೆ, ಮುಂದಿನ ಸುತ್ತುಗಳು ಊರ ಹತ್ತಿರವೇ ಆಗುತ್ತವೆ. ಅತ್ತೆಯ ಉಳಿದ ಕೀಮೋ ಹಾಗೇ ಮುಗಿಯಿತು. ನರ ಸಿಗದೆ ಒದ್ದಾಡಿದಾಗ ಅಲ್ಲಿನ ಸಿಸ್ಟರ್ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಕೈಗೆ ಸುತ್ತಿ, ಅತ್ತೆ ಹತ್ತಿರ ಮೆಣಸಿನ ಬೆಳೆ ಬಗ್ಗೆ ಮಾತಾಡುತ್ತಾ ಕಾದರು. ಆಮೇಲೆ ಒಂದೇ ಸಲಕ್ಕೆ ಸೂಜಿ ಹೋಯಿತು. ಡ್ರಿಪ್ ಮುಗಿಸಿ ಸಂಜೆಗೆ ಮನೆ. ಅವತ್ತು ಅತ್ತೆ ತಾವೇ ಕೇಳಿ ಗಂಜಿ ಕುಡಿದರು.

ಅದೇ ಸಿಸ್ಟರ್ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಕೀಮೋ ಆದವರಿಗೆ ಜ್ವರ 100.4 ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೀಮೋ ನಡೀತಿದೆ ಅಂತ ಬಾಗಿಲಲ್ಲೇ ಹೇಳಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ.

ರೇಡಿಯೇಷನ್‌ಗೆ ಮಾತ್ರ ಮತ್ತೆ ದೂರವೇ ಹೋಗಬೇಕಾಯಿತು. ವಾರಕ್ಕೆ ಐದು ದಿನ, ವಾರಗಟ್ಟಲೆ. ದಿನಾ ಊರಿಂದ ಬಂದು ಹೋಗುವ ಮಾತೇ ಇಲ್ಲ. ಉಳಿಯಲು ಧರ್ಮಶಾಲೆ ಇದೆಯಾ ಅಂತ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ವಿಚಾರಿಸಿ. ಕೇಳದವರಿಗೆ ಯಾರೂ ಹುಡುಕಿಕೊಂಡು ಬಂದು ಹೇಳುವುದಿಲ್ಲ. ರೇಡಿಯೇಷನ್ ಕೊಡುವ ಯಂತ್ರ ಇನ್ನಷ್ಟು ಜಿಲ್ಲೆಗಳಿಗೆ ಬರಲೇಬೇಕು, ಇದು ನನ್ನ ಗಟ್ಟಿ ಮಾತು.

ನಮ್ಮ ಓಣಿಯ ಆಶಾ ಅಕ್ಕ ಮೂವತ್ತು ದಾಟಿದವರನ್ನೆಲ್ಲ ಬಾಯಿ, ಸ್ತನ, ಗರ್ಭಕಂಠದ ತಪಾಸಣೆಗೆ ಕರೆಯುತ್ತಲೇ ಇರುತ್ತಾರೆ. ಮುಂಚೆ ಅತ್ತೆಯೇ "ನನಗೇನಾಗಿದೆ" ಅಂತ ಅವರನ್ನು ಸಾಗಹಾಕುತ್ತಿದ್ದರು. ಈಗ ಅವರ ಜೊತೆ ಮನೆಮನೆಗೆ ಹೋಗಿ ಹೆಂಗಸರನ್ನು ಹೊರಡಿಸುತ್ತಿದ್ದಾರೆ. ನನ್ನ ನಾದಿನಿಯನ್ನು ಮೊದಲು ಹೊರಡಿಸಿದರು.