ಪೀಠದ ಕೆಳಗಿನ ಹೆಸರು

ಆರು ತಿಂಗಳಿಂದ ನಾನು ಕುಂಚ ಮುಟ್ಟಿರಲಿಲ್ಲ. ಬರೆದ ಚಿತ್ರ ಯಾರೂ ನೋಡುವುದಿಲ್ಲ, ಮತ್ತೆ ಯಾಕೆ ಬರೆಯಬೇಕು ಅನ್ನುವ ಬೇಸರ. ಅಂಥ ಹೊತ್ತಿನಲ್ಲಿ ಅಕ್ಕ "ಸೋಮನಾಥಪುರಕ್ಕೆ ಹೋಗಿ ಬರೋಣ ಬಾರೋ" ಅಂದಳು. ಅವಳಿಗೆ ದೇವರ ದರ್ಶನ ಬೇಕಿತ್ತು. ನಾನು ಸುಮ್ನೆ ಜೊತೆಗೆ ಹೊರಟೆ.

ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಕೇಶವ ದೇವಸ್ಥಾನ ಇದು. ಅಂಥ ಎತ್ತರವೇನಿಲ್ಲ. ನಕ್ಷತ್ರದ ಆಕಾರದ ಜಗತಿ, ಅಂದರೆ ಗುಡಿ ನಿಂತ ಕಲ್ಲಿನ ಕಟ್ಟೆ, ಅದರ ಮೇಲೆ ಮೂರು ಗರ್ಭಗುಡಿ.

ಒಳಗೆ ಹೋದ ಅಕ್ಕನಿಗೆ ಮೊದಲು ನಿರಾಸೆಯಾಯಿತು. ಇಲ್ಲಿ ಪೂಜೆ ನಡೆಯುವುದಿಲ್ಲ. ವಿಗ್ರಹಗಳಿಗೆ ಪೆಟ್ಟು ಬಿದ್ದಿದೆ, ಮೂಲ ಕೇಶವ ಮೂರ್ತಿಯಂತೂ ಇಲ್ಲವೇ ಇಲ್ಲ. ಗಂಟೆಯಿಲ್ಲ, ದೀಪವಿಲ್ಲ. ಆದರೂ ಅವಳು ವೇಣುಗೋಪಾಲನ ಎದುರು ಕಣ್ಣು ಮುಚ್ಚಿ ನಿಂತಳು. ತುಂಬಾ ಹೊತ್ತು ನಿಂತಳು. ಅವಳ ನಂಬಿಕೆಗೆ ಯಾರ ಏರ್ಪಾಡೂ ಬೇಕಿರಲಿಲ್ಲ. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ನಾನು ತಲೆಯೆತ್ತಿ ಭುವನೇಶ್ವರಿಗಳನ್ನು, ಅಂದರೆ ಚಾವಣಿಯ ಕೆತ್ತನೆಗಳನ್ನು, ನೋಡುತ್ತಿದ್ದೆ. ಮಂಟಪದಲ್ಲಿ ಅಂಥವು 16. ಒಂದರಲ್ಲಿ ಬಾಳೆಯ ಮೊಗ್ಗು ಇಳಿಬಿದ್ದಿದೆ. ಪಕ್ಕದ್ದಕ್ಕೆ ಬೇರೆಯೇ ಕೆತ್ತನೆ. ಒಂದು ಮಾಡಿ ಉಳಿದವನ್ನು ಅದರಂತೆಯೇ ಮಾಡಿದ್ದರೆ ಯಾರು ಕೇಳುತ್ತಿದ್ದರು? ಕತ್ತು ನೋಯಿಸಿಕೊಂಡು ಇಷ್ಟನ್ನೂ ನೋಡುವವರು ಎಷ್ಟು ಜನ?

ಹೊರಗೆ ಬಂದ ಮೇಲೆ ಗೈಡ್ ಒಬ್ಬರು ಗೋಡೆಯ ವಿಗ್ರಹವೊಂದರ ಪೀಠ ತೋರಿಸಿದರು. ಸಣ್ಣ ಹಳೆಯ ಕನ್ನಡ ಅಕ್ಷರಗಳು. ಮಲ್ಲಿತಮ್ಮ. ಮಲ್ಲಿ 'ಅಮ್ಮ' ಅಲ್ಲ, ಮಲ್ಲಿ 'ತಮ್ಮ'. ಕೆತ್ತಿದ ಶಿಲ್ಪಿಯ ಹೆಸರು. ಈ ಒಂದೇ ಗುಡಿಯಲ್ಲಿ ಸುಮಾರು ನಲವತ್ತು ಕಡೆ ಅವನ ರುಜು ಇದೆ. ಮಸಣಿತಮ್ಮ, ಚೌಡೆಯ ಎಂಬ ಹೆಸರುಗಳೂ ಇವೆ. ದೇವರ ಕಾಲ ಬುಡದಲ್ಲಿ ಕೆಲಸಗಾರನ ಹೆಸರು! ಆ ಕಾಲದ ಎಷ್ಟೋ ಗುಡಿಗಳನ್ನು ಕಟ್ಟಿದ ಕೈ ಯಾರದ್ದೆಂದು ಗೊತ್ತೇ ಆಗುವುದಿಲ್ಲ. ಇಲ್ಲಿ ಗೊತ್ತು.

ಈ ಗುಡಿಯದ್ದು ಬಳಪದ ಕಲ್ಲು. ಅದು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ. ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಅಂದರೆ ಮನಸ್ಸು ಬಂದಾಗ ಕೆತ್ತೋಣ ಎಂದು ಕಲ್ಲನ್ನು ಹಾಗೇ ಬಿಡುವಂತಿರಲಿಲ್ಲ, ಅಲ್ವಾ? ಬೇಸರದ ದಿನವೂ ಉಳಿ ಹಿಡಿಯಬೇಕಿತ್ತು. ನಾನಾದರೋ ಮನಸ್ಸು ಬರಲಿ ಎಂದು ಆರು ತಿಂಗಳು ಕಾದಿದ್ದೆ.

ಜಗತಿಯ ಮೇಲೆ ಇನ್ನೊಂದು ಸುತ್ತು ಹಾಕಿದೆ. ಗೋಡೆಯ ಎಲ್ಲಕ್ಕಿಂತ ಕೆಳಗಿನ ಸಾಲು ಆನೆಗಳದ್ದು. ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕತೆ, ಮಕರ, ಹಂಸ. ಜನ ಕತೆಯ ಸಾಲು ನೋಡುತ್ತಾರೆ, ದೊಡ್ಡ ದೇವರುಗಳನ್ನು ನೋಡುತ್ತಾರೆ. ಆನೆ ನೋಡಲು ಬಗ್ಗಬೇಕು. ನಾನು ಕುಕ್ಕರಗಾಲಲ್ಲಿ ಕೂತೆ. ಮೂಲೆ ತಿರುಗುವಲ್ಲೂ ಸಾಲು ತಪ್ಪಿಲ್ಲ. ಇಷ್ಟು ಕೆಳಗಿನ ಆನೆಗೂ ಕಿವಿಯ ಮಡಿಕೆ, ಕೊರಳ ಸರ, ಎಲ್ಲವೂ ಇದೆ. ಇವುಗಳ ಕೆಳಗೆ ಹೆಸರು ಹುಡುಕಿದೆ. ನನಗೆ ಒಂದೂ ಸಿಗಲಿಲ್ಲ.

ಚೀಲದಲ್ಲಿ ಪೆನ್ಸಿಲ್ ಇತ್ತು, ಕಾಗದ ಇರಲಿಲ್ಲ. ಟಿಕೆಟಿನ ಹಿಂಭಾಗದಲ್ಲಿ ಒಂದು ಆನೆ ಬರೆದೆ. ಸೊಂಡಿಲು ಸರಿಬರಲಿಲ್ಲ. ಅಕ್ಕ ಗೇಟಿನ ಹತ್ತಿರದಿಂದ ಕೂಗಿದಳು.

"ನಿನ್ನ ಟಿಕೆಟೂ ಕೊಡಕ್ಕಾ" ಅಂದೆ.