ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀ ನಡೆದ ದಾರಿ

ಉಮಾಶ್ರೀ ಅವರ ಬಗ್ಗೆ ಮಾತು ಬಂದಾಗ ಅನೇಕರು ಅವರ ವೃತ್ತಿಜೀವನವನ್ನು ಎರಡು ಪಾಲು ಮಾಡಿ, ದ್ವಂದ್ವಾರ್ಥದ ಹಾಸ್ಯಪಾತ್ರಗಳ ಕಾಲವನ್ನು ಮರೆತುಬಿಡಬೇಕಾದದ್ದೆಂದೂ ರಾಷ್ಟ್ರಪ್ರಶಸ್ತಿಯ ನಂತರದ್ದನ್ನು ಮಾತ್ರ ಸಾಧನೆಯೆಂದೂ ಬಗೆಯುತ್ತಾರೆ. ಈ ವಿಂಗಡಣೆಯನ್ನು ನಾನು ಒಪ್ಪಲಾರೆ. ಆ ಕಲಾವಿದೆ ಮೊದಲಿನಿಂದಲೂ ನಮ್ಮ ಕಣ್ಣೆದುರಿಗೇ ಇದ್ದರು; ಅವರ ಶಕ್ತಿಗೆ ತಕ್ಕ ಪಾತ್ರ ಬರೆಯುವ ಮನಸ್ಸು ಚಿತ್ರರಂಗಕ್ಕೆ ಬರಲು ಬಹಳ ವರ್ಷಗಳು ಹಿಡಿದವು.

ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಬೆಳೆದದ್ದು ರಂಗಭೂಮಿಯಲ್ಲಿ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ, ಕಳೆದುಹೋದ ಕೋಳಿಗಾಗಿ ಊರೆಲ್ಲ ಅಲೆಯುವ ಸಾಕವ್ವನಾಗಿ ಅವರು ನಟಿಸಿದರು. ಹಸಿವು, ಹಟ, ಮಕ್ಕಳ ಮೇಲಿನ ಸಿಟ್ಟು, ಮೊಮ್ಮಕ್ಕಳ ಮೇಲಿನ ಅಕ್ಕರೆ ಇವೆಲ್ಲವೂ ಒಂದೇ ಉಸಿರಿನಲ್ಲಿ ಬಂದುಹೋಗುವ ಮುದುಕಿಯ ಪಾತ್ರವದು. ಇಂದಿಗೂ ಹವ್ಯಾಸಿ ರಂಗಭೂಮಿಯವರು ಸಾಕವ್ವ ಎಂದೊಡನೆ ನೆನೆಯುವುದು ಉಮಾಶ್ರೀ ಅವರನ್ನೇ.

ಸಿನಿಮಾ ಮಾತ್ರ ಅವರನ್ನು ಬೇರೆ ಕಣ್ಣಿನಿಂದ ನೋಡಿತು. ಕಾಶಿನಾಥ್ ಅವರ ‘ಅನುಭವ’ (1984) ಹೆಸರು ತಂದುಕೊಟ್ಟ ಮೇಲೆ ಅವರಿಗೆ ಹೆಚ್ಚಾಗಿ ದೊರೆತದ್ದು ಎನ್.ಎಸ್. ರಾವ್ ಮೊದಲಾದವರ ಜೊತೆಗಿನ ಹಾಸ್ಯದ ಟ್ರ್ಯಾಕ್‌ಗಳು. ಮುಖ್ಯ ಕಥೆಗೂ ಇಂಥ ದೃಶ್ಯಗಳಿಗೂ ಎಷ್ಟೋ ಸಲ ಸಂಬಂಧವೇ ಇರುತ್ತಿರಲಿಲ್ಲ. ಪಾತ್ರಕ್ಕೆ ಹಿಂದಿಲ್ಲ, ಮುಂದಿಲ್ಲ. ಇದ್ದದ್ದು ಎರಡರ್ಥದ ಮಾತು ಮತ್ತು ಅದಕ್ಕೆ ಬೀಳುವ ಚಪ್ಪಾಳೆ. ಅಲ್ಲಿಯೂ ಅವರ ಮಾತಿನ ಓಟ ಮತ್ತು ತಾಳ ತಪ್ಪದ ಪ್ರತಿಕ್ರಿಯೆಯನ್ನು ಗಮನಿಸಿದರೆ ರಂಗಭೂಮಿಯ ಕಸುಬು ಎದ್ದು ಕಾಣುತ್ತದೆ. ಆ ಸಂಭಾಷಣೆಗಳನ್ನು ಬರೆದವರನ್ನೂ ನಕ್ಕು ಶಿಳ್ಳೆ ಹೊಡೆದವರನ್ನೂ ಬಿಟ್ಟು, ಹೇಳಿದ ನಟಿಯೊಬ್ಬಳನ್ನೇ ಹಗುರವಾಗಿ ಕಂಡದ್ದು ನಮ್ಮ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಗಿರೀಶ್ ಕಾಸರವಳ್ಳಿ ಅವರು ವೈದೇಹಿಯವರ ಕಥೆಯನ್ನು ಆಧರಿಸಿ ತೆಗೆದ ‘ಗುಲಾಬಿ ಟಾಕೀಸ್’ ಆ ಲೆಕ್ಕವನ್ನು ಬದಲಿಸಿತು. ಕುಂದಾಪುರದ ಸೀಮೆಯ ಮೀನುಗಾರರ ದ್ವೀಪವೊಂದರಲ್ಲಿ ಒಂಟಿಯಾಗಿ ಬದುಕುವ ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಟಿವಿ ಬಂದಾಗ ದೂರವಿದ್ದ ನೆರೆಹೊರೆಯ ಹೆಂಗಸರು ಅವಳ ಮನೆಗೆ ಬರತೊಡಗುತ್ತಾರೆ. ಊರಿನಲ್ಲಿ ಕೋಮುದ್ವೇಷ ಬೆಳೆದಾಗ ಅದೇ ಗುಲಾಬಿ ದ್ವೀಪ ಬಿಟ್ಟು ಹೋಗಬೇಕಾಗುತ್ತದೆ. ಪರದೆಯನ್ನು ನೋಡುವ ಗುಲಾಬಿಯ ಮುಖದಲ್ಲಿ ಅರಳುವ ಮಗುವಿನಂಥ ಬೆರಗನ್ನು ಉಮಾಶ್ರೀ ಮಾತಿಲ್ಲದೆಯೇ ತೋರಿಸಿದ್ದಾರೆ. ಮಾತಿನ ಮಲ್ಲಿಯೆಂದೇ ಹೆಸರಾಗಿದ್ದ ನಟಿಯ ಮೌನವನ್ನು ನೆಚ್ಚಿಕೊಂಡದ್ದು ನಿರ್ದೇಶಕರ ದೊಡ್ಡತನ. 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಅದಕ್ಕೂ ಮೂರು ವರ್ಷ ಹಿಂದಿನ ಸಾಲಿನಲ್ಲಿ ‘ಹಸೀನಾ’ ಚಿತ್ರಕ್ಕಾಗಿ ಅದೇ ಪ್ರಶಸ್ತಿ ಪಡೆದ ತಾರಾ ಕೂಡ ಜನಪ್ರಿಯ ಸಿನಿಮಾದಿಂದ ಬಂದವರು, ಆ ಚಿತ್ರವೂ ಕಾಸರವಳ್ಳಿಯವರದ್ದು ಎಂಬುದನ್ನು ಇಲ್ಲಿ ನೆನೆಯಬೇಕು.

ನಡುವೆ ರಾಜಕೀಯವೂ ಬಂತು. 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾಗಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ನಿರ್ವಹಿಸಿದರು.

2021ರ ಡಿಸೆಂಬರ್‌ನಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಆರಂಭವಾದಾಗ ಅವರು ಮತ್ತೆ ಮನೆಮನೆಗೆ ಬಂದರು. ಗಂಡು ಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕನ ಪಾತ್ರ, ಅಬ್ಬರದ ಅಳುವಿಗೆ ಸುಲಭವಾಗಿ ಜಾರಿಬಿಡಬಹುದಾದದ್ದು. ದಿನವೂ ಕಂತು ಮುಗಿಸಲೇಬೇಕಾದ ಅವಸರದ ನಡುವೆಯೂ ಅವರು ಅವಳಿಗೆ ದುಡಿದುಣ್ಣುವ ಹೆಣ್ಣಿನ ಗತ್ತನ್ನು ಕೊಟ್ಟರು. ಇಳಿವಯಸ್ಸಿನ ನಟಿಯರನ್ನು ನಾಯಕನ ತಾಯಿಯಾಗಿ ಮೂಲೆಗೆ ಕೂರಿಸುವುದೇ ರೂಢಿಯಾಗಿರುವಾಗ, ಅರವತ್ತು ದಾಟಿದ ನಟಿಯ ಹೆಗಲ ಮೇಲೆಯೇ ಇಡೀ ಕಥೆಯನ್ನು ಹೊರಿಸುವ ಧೈರ್ಯವನ್ನು ನಮ್ಮ ಸಿನಿಮಾಕ್ಕಿಂತ ಮೊದಲು ಕಿರುತೆರೆ ತೋರಿತು.