ಪ್ಲೇಟ್‌ಲೆಟ್ ಕಮ್ಮಿ ಅಂದ್ಕೂಡ್ಲೆ ಎರ್ಲಿಕಿಯಾ ಅಂದ್ಕೊಂಡಿದ್ದು

ನಾಯಿಗಳ ರಕ್ತ ನೋಡೋ ಲ್ಯಾಬಲ್ಲಿ ಕೆಲಸ ನಂದು. ಬೇಸಿಗೆ ಬಂತು ಅಂದ್ರೆ ಸ್ಯಾಂಪಲ್ ಜೊತೆ ಬರೋ ಚೀಟಿ ಮೇಲೆಲ್ಲಾ "ಟಿಕ್ ಫೀವರ್?" ಅಂತ್ಲೇ ಇರುತ್ತೆ. ಆದ್ರೆ ರಕ್ತ ಹೀರೋ ಉಣ್ಣೆ ಹುಳದಿಂದ ಬರೋದು ಒಂದೇ ಕಾಯಿಲೆ ಅಲ್ವಲ್ಲ, ಎರ್ಲಿಕಿಯಾ ಬಿಳಿ ರಕ್ತಕಣದೊಳಗೆ ಕೂರೋ ಬ್ಯಾಕ್ಟೀರಿಯಾ, ಬೆಬೀಸಿಯಾ ಕೆಂಪು ಕಣ ಒಡೆಯೋ ಪ್ರೋಟೋಜೋವಾ (ಒಂದೇ ಕೋಶದ ಜೀವಿ), ಹೆಪಟೋಜೂನ್ ಅಂತೂ ನಾಯಿ ಉಣ್ಣೆನೇ ನುಂಗಿದ್ರೆ ಬರೋದು. ಔಷಧಿನೂ ಬೇರೆ ಬೇರೆ.

ಒಂದು ಲ್ಯಾಬ್ರಡಾರ್ ಸ್ಯಾಂಪಲ್ ಬಂತು. ಮಷಿನ್ ಪ್ಲೇಟ್‌ಲೆಟ್ ಬರೀ 18,000 ತೋರಿಸ್ತು, ರ‍್ಯಾಪಿಡ್ ಕಿಟ್ಟಲ್ಲಿ ಎರ್ಲಿಕಿಯಾ ಗೆರೆ ಬಂತು, ನಾನು ಟ್ಯೂಬಿನ ರಕ್ತದಲ್ಲೇ ಒಂದು ಸ್ಮಿಯರ್ (ಗಾಜಿನ ಮೇಲೆ ರಕ್ತದ ತೆಳು ಪದರ) ಎಳ್ದು ಗಡಿಬಿಡೀಲಿ ನೋಡಿ ಪರಾವಲಂಬಿ ಕಾಣಲಿಲ್ಲ ಅಂತ ಬರ್ದು ಕಳಿಸ್ದೆ. ಡಾಕ್ಟರ್ ಮೇಡಂ ಎರ್ಲಿಕಿಯಾಗೆ ಕೊಡೋ ಡಾಕ್ಸಿಸೈಕ್ಲಿನ್ ಶುರು ಮಾಡಿದ್ರು. ವಾರ ಆದ್ರೂ ಜ್ವರ ಇಳೀಲಿಲ್ಲ, ಹಿಮೋಗ್ಲೋಬಿನ್ 9 ಇದ್ದಿದ್ದು 5ಕ್ಕೆ ಬಂತು.

ಆಮೇಲೆ ಮೇಡಂ ಫೋನ್ ಮಾಡಿ "ಕಿವಿ ತುದಿ ಚುಚ್ಚಿ ಬರೋ ಮೊದಲನೇ ಹನಿಯಲ್ಲಿ ಸ್ಮಿಯರ್ ಮಾಡಿ ಕಳಿಸ್ತೀನಿ, ನಿಧಾನಕ್ಕೆ ನೋಡು" ಅಂದ್ರು. ಸಣ್ಣ ರಕ್ತನಾಳದಲ್ಲಿ ಬೆಬೀಸಿಯಾ ಇರೋ ಕಣಗಳು ಜಾಸ್ತಿ ಸಿಗ್ತವೆ, ನನಗೆ ಗೊತ್ತಿತ್ತು, ಮಾಡಿರಲಿಲ್ಲ ಅಷ್ಟೇ. ಜೀಮ್ಸಾ ಬಣ್ಣ ಹಾಕಿ 100ರ ಎಣ್ಣೆ ಲೆನ್ಸಲ್ಲಿ ಅಂಚಿನ ಕಡೆ ನೋಡ್ತಾ ಹೋದೆ. ಕೆಂಪು ಕಣದೊಳಗೆ ಉಂಗುರದ ತರ ಪುಟಾಣಿ ಚುಕ್ಕೆ, ಒಂದಲ್ಲ, ಸುಮಾರಿದಾವೆ. ಬೆಬೀಸಿಯಾದಲ್ಲೇ ಒಂದು ಜಾತಿ, ಬೆಬೀಸಿಯಾ ಗಿಬ್ಸೋನಿ. ಬಣ್ಣದ ಕಸ ಇರಬಹುದೇನೋ ಅಂತ ಹೆದ್ರಿಕೊಂಡು ಫೋಕಸ್ ಮೇಲೆ ಕೆಳಗೆ ಮಾಡ್ದೆ, ಕಸ ಆದ್ರೆ ಕಣದ ಮೇಲೆ ಬೇರೆ ಮಟ್ಟದಲ್ಲಿ ಹೊಳೀತದೆ, ಕಣದ ಮೇಲೆ ಕೂತ ಪ್ಲೇಟ್‌ಲೆಟ್ ಆದ್ರೆ ಸುತ್ತ ತೆಳು ಬಿಳಿ ಅಂಚು ಕಾಣುತ್ತೆ. ಇದು ಎರಡೂ ಅಲ್ಲ. ಅವತ್ತಿಂದ ಬಣ್ಣ ಸೋಸದೇ ಹಾಕಲ್ಲ.

ಬೆಬೀಸಿಯಾದಲ್ಲೂ ಪ್ಲೇಟ್‌ಲೆಟ್ ಚೆನ್ನಾಗೇ ಬೀಳುತ್ತೆ. ಮತ್ತೆ ಆ ಕಿಟ್ ಹಿಡಿಯೋದು ರೋಗಾಣುನಲ್ಲ, ಅದರ ವಿರುದ್ಧ ದೇಹ ತಯಾರಿಸೋ ಆಂಟಿಬಾಡಿನ, ಹಳೇ ಸೋಂಕು ವಾಸಿಯಾಗಿ ತಿಂಗಳುಗಟ್ಟಲೆ ಆದ್ರೂ ಗೆರೆ ಬರುತ್ತೆ, ಅದನ್ನ ನಾನು ಇವತ್ತಿನ ಕಾಯಿಲೆ ಅಂತ ಓದ್ಬಿಟ್ಟೆ. ಸ್ಮಿಯರ್ ನೆಗೆಟಿವ್ ಇದ್ದು ಅನುಮಾನ ಹೋಗದಿದ್ರೆ ಪರಾವಲಂಬಿಯ ಡಿಎನ್ಎ ಹುಡುಕೋ ಪಿಸಿಆರ್‌ಗೆ ಕಳಿಸಿ ಅಂತ ಈಗ ರಿಪೋರ್ಟಲ್ಲೇ ಬರೀತೀನಿ.

ನಾಯಿಗೆ ಅಟೊವಾಕ್ವೋನ್ ಜೊತೆ ಅಜಿಥ್ರೋಮೈಸಿನ್ 10 ದಿನ ಕೊಟ್ರು, ಕೊಬ್ಬಿರೋ ಊಟದ ಜೊತೆ ಕೊಡಿ ಅಂದಿದ್ರಂತೆ, ಔಷಧಿ ಹಂಗೇ ಚೆನ್ನಾಗಿ ಒಳಗೆ ಹೋಗೋದು. ಯಜಮಾನ್ರು ಸ್ಯಾಂಪಲ್ ಕೊಡೋಕೆ ಬಂದಾಗ ಹೇಳಿದ್ರು, "ಉಚ್ಚೆ ಮೊದ್ಲಿಂದ್ಲೂ ಕಾಫಿ ಡಿಕಾಕ್ಷನ್ ತರಾನೇ ಬರ್ತಿತ್ತಲ್ಲ ಸಾರ್". ಕೆಂಪು ಕಣ ಒಡೀತಿದೆ ಅಂತ ಅಲ್ಲೇ ಗೊತ್ತಾಗ್ತಿತ್ತು, ಚೀಟಿ ಮೇಲೆ ಅದು ಇರಲೇ ಇಲ್ಲ, ನಾನೂ ಕೇಳಿರಲಿಲ್ಲ. ಮಾರನೇ ದಿನ ಲ್ಯಾಬ್ ಫಾರಂ ಮೇಲೆ "ಉಚ್ಚೆ ಬಣ್ಣ" ಅಂತ ಪೆನ್ನಲ್ಲೇ ಒಂದು ಕಾಲಂ ಗೀಚಿ, ಅದನ್ನೇ ನೂರು ಕಾಪಿ ಝೆರಾಕ್ಸ್ ಮಾಡಿಸ್ದೆ.